ಈಶಾನ್ಯ ಮೂಲೆಯ ಬಾವಿ

ನನ್ನ ಆಯಿಯ, ಅಂದರೆ ಅಮ್ಮನ, ತವರು ಕಾಗಾಲ. ಅಘನಾಶಿನಿಯ ಉಪ್ಪುನೀರು ಗದ್ದೆಯ ಬದುವಿನ ತನಕ ಬಂದು ನಿಲ್ಲುವ ಊರು. ಬೇಸಿಗೆ ಕಾಲಿಟ್ಟಿತೆಂದರೆ ಅವರ ಮನೆಯ ಬಾವಿ ನೀರು ಬಾಯಿಗಿಡಲು ಬರುತ್ತಿರಲಿಲ್ಲವಂತೆ. ಹೆಣ್ಣುಮಕ್ಕಳೆಲ್ಲ ಕೊಡಪಾನ ಹಿಡಿದು ಗುಡ್ಡದ ಬುಡದ ಬಾವಿಗೆ ಹೋಗಿ ಸಾಲು ನಿಲ್ಲಬೇಕು. ಮದುವೆಯಾಗಿ ಹೊನ್ನಾವರಕ್ಕೆ ಬಂದರೆ ಅಲ್ಲಿ ಬಾಡಿಗೆ ಮನೆ, ಬಾವಿ ಮಾಲೀಕರದ್ದು. ಅವರ ಮನೆಮಂದಿಯೆಲ್ಲ ಮಿಂದು, ಬಟ್ಟೆ ಒಗೆದು, ತುಳಸಿಗೆ ನೀರು ಹಾಕಿ ಆದಮೇಲೆ ನಮ್ಮ ಸರದಿ. ಮಾಲೀಕರ ಹೆಂಡತಿ ಕೆಟ್ಟವರೇನಲ್ಲ. ಆದರೆ ಹಗ್ಗ ಎಷ್ಟು ಬೇಗ ಸವೆಯುತ್ತದೆ ಎಂಬ ಮಾತನ್ನು ಆಯಿಗೆ ಕೇಳುವ ಹಾಗೆ ಆಡುವ ಅಭ್ಯಾಸ ಅವರಿಗಿತ್ತು. ಆಯಿ ಅದನ್ನು ಇಂದಿಗೂ ಮರೆತಿಲ್ಲ.

ಹಾಗಾಗಿ ಸ್ವಂತ ಮನೆಯ ಮಾತು ಬಂದಾಗ ಆಯಿ ಕೇಳಿದ್ದು ಒಂದೇ, ಬಾವಿ. ಮನೆ ಸಣ್ಣದಾದರೂ ಅಡ್ಡಿಯಿಲ್ಲ, ಮಾಡಿಗೆ ಹಳೇ ಹಂಚಾದರೂ ಅಡ್ಡಿಯಿಲ್ಲ, ಬಾವಿ ಮಾತ್ರ ತನ್ನದಾಗಿರಬೇಕು. ಅಪ್ಪ ಬಸ್ಸಿನ ಡ್ರೈವರ್. ಭಟ್ಕಳ–ಕುಮಟಾ ಓಡಾಡಿ ಓಡಾಡಿ ಹೆದ್ದಾರಿಯ ಒಂದೊಂದು ತಿರುವೂ ಅವರಿಗೆ ಕಂಠಪಾಠ. ಹೊನ್ನಾವರ ದಾಟಿ ಕುಮಟಾ ಕಡೆ ಹೋಗುವಾಗ ರಸ್ತೆಗೆ ತಾಗಿ ಒಂದು ಹಳೇ ಪೆಟ್ರೋಲ್ ಬಂಕ್ ಇತ್ತು. ಅದು ಮುಚ್ಚಿ ಹಲವು ವರ್ಷ ಹಾಳು ಬಿದ್ದಿತ್ತು. ಕೊಂಕಣ ರೈಲು ಓಡಲು ಶುರುವಾದ ಮೇಲೆ ಜಾಗಕ್ಕೆಲ್ಲ ಬೆಲೆ ಬಂದು, ಯಾರೋ ಒಬ್ಬರು ಅದನ್ನು ಕೊಂಡು, ಮೇಲೆ ಕೆಂಪು ಮಣ್ಣು ಹೊಡೆಸಿ, ಸಮ ಮಾಡಿ, ಕಲ್ಲು ನೆಟ್ಟು ಸೈಟು ಮಾಡಿದರು. ಅಪ್ಪ ಒಂದು ಸೈಟು ಹಿಡಿದರು. ಅಲ್ಲಿ ಬಂಕ್ ಇದ್ದದ್ದು ಯಾರಿಗೂ ಗುಟ್ಟಲ್ಲ. ಊರಿಗೇ ಗೊತ್ತಿತ್ತು. ಬಂಕ್ ಹೋಯಿತು ಎಂದಮೇಲೆ ಬಂಕಿನದ್ದೆಲ್ಲ ಹೋಯಿತು ಎಂದು ಊರೇ ತಿಳಿದಿತ್ತು. ನೆಲದಡಿಯ ಟಾಂಕಿ ಏನಾಯಿತೆಂದು ಅಪ್ಪ ಕೇಳಿದ್ದರಂತೆ. ಗುಜರಿಗೆ ಹೋಯಿತು ಎಂದು ಸೈಟು ಮಾರಿದವನು ಹೇಳಿದ. ಒಂದು ಹೋಗಿದ್ದು ನಿಜ. ಇದ್ದದ್ದು ಎರಡು.

ಬಾವಿ ತೆಗೆಯಲು ಬಂದವರು ಅಪ್ಪನ ಬಾಲ್ಯದ ಗೆಳೆಯ, ಕಾಯ್ಕಿಣಿ ಎಂಬ ಊರಿನವರು. ಅಪ್ಪನ ಊರೂ ಅದೇ. ಇಬ್ಬರೂ ಸೇರಿದರೆ ಒಬ್ಬರ ಕಾಲನ್ನೊಬ್ಬರು ಎಳೆಯುವುದೇ ಕೆಲಸ. ನಾನು ಅವರನ್ನು ಮಾವ ಎಂದೇ ಕರೆಯುತ್ತಿದ್ದದ್ದು. ಅವರಿಗೆ ಹಿತ್ತಿಲ ಪಶ್ಚಿಮದ ಬದಿ, ಗುಡ್ಡದ ಕಡೆ, ಮನಸ್ಸಿಗೆ ಬಂದಿತ್ತು. ಆದರೆ ಜಾಗ ನೋಡುವವರು ಬಂದು ಬಾವಿ ಈಶಾನ್ಯದಲ್ಲೇ ಆಗಬೇಕು, ಬೇರೆಲ್ಲಿ ತೆಗೆದರೂ ಮನೆ ಯಜಮಾನನಿಗೆ ಒಳಿತಲ್ಲ ಎಂದರು. ಯಜಮಾನನ ಮಾತು ಬಂದಮೇಲೆ ಆಯಿ ಬೇರೆ ಕಡೆ ಕೈ ತೋರಿಸಲಿಕ್ಕೆ ಬಿಡುತ್ತಾಳೆಯೇ? ಈಶಾನ್ಯದಲ್ಲೇ ತೆಗೆದರು. ಹೂತು ಉಳಿದಿದ್ದ ಟಾಂಕಿ ಅಲ್ಲಿಂದ ಹತ್ತು ಮಾರು ದೂರದಲ್ಲಿ, ಪಕ್ಕದ ಸೈಟಿನ ಅಂಚಿನಲ್ಲಿ ಇತ್ತು ಎಂಬುದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮೊದಲ ವರ್ಷದ ನೀರು ಎಷ್ಟು ಚೆನ್ನಾಗಿತ್ತು ಎಂದರೆ, ಗೃಹಪ್ರವೇಶಕ್ಕೆ ಬಂದವರೆಲ್ಲ ಊಟ ಬಿಟ್ಟು ನೀರನ್ನೇ ಹೊಗಳಿದರು. ಆಯಿ ಗಂಗೆಪೂಜೆ ಮಾಡಿ, ಮೊದಲು ಎತ್ತಿದ ಕೊಡಪಾನದ ನೀರನ್ನು ಬಂದ ಹೆಂಗಸರಿಗೆಲ್ಲ ಲೋಟದಲ್ಲಿ ಹಂಚಿದಳು. ಹಳೇ ಮಾಲೀಕರ ಹೆಂಡತಿಯನ್ನೂ ಕರೆದಿದ್ದಳು. ಅವರಿಗೆ ಎರಡು ಲೋಟ ಕೊಟ್ಟಳು. ನನಗೆ ಒಳಗೊಳಗೇ ನಗು.

ಮರುವರ್ಷ ಪಕ್ಕದ ಸೈಟಿನಲ್ಲಿ ಮನೆ ಏಳತೊಡಗಿತು. ಚಿರೆಕಲ್ಲಿನ ಲಾರಿಗಳು ಮಣ್ಣಿನ ಮೇಲೆ ಹೋಗಿ ಬಂದು ಹೋಗಿ ಬಂದು, ಒಂದು ದಿನ ಲಾರಿಯ ಹಿಂದಿನ ಚಕ್ರ ಹೂತು, ಊರ ಮಂದಿ ಸೇರಿ ಹೊರಗೆಳೆದರು. ಗುಂಡಿಗೆ ಕಲ್ಲಿನ ಚೂರು ತುಂಬಿದರು. ಆ ಬೇಸಿಗೆಗೆ ನೀರಿನಲ್ಲಿ ಏನೋ ವಾಸನೆ ಬಂತು. ನಾನು ಹೇಳಿದೆ, ಆಯಿ ಒಪ್ಪಲಿಲ್ಲ. ಅಪ್ಪನ ಖಾಕಿ ಅಂಗಿಯ ವಾಸನೆಯೇ ಮನೆಯೆಲ್ಲ ಹಿಡಿದಿದೆ, ನಿಮ್ಮ ಅಂಗಿ ಬಾವಿಕಟ್ಟೆಯ ಮೇಲೆ ಇಡಬೇಡಿ ಎಂದು ಅವರಿಗೇ ಗದರಿಸಿದಳು. ಅಪ್ಪ ಅಂಗಿಯನ್ನು ದೂರ ಇಟ್ಟರು. ಇಡೀ ಆಯುಷ್ಯ ಡೀಸೆಲ್ ಗಾಳಿಯಲ್ಲೇ ಕಳೆದ ಅವರ ಮೂಗಿಗೆ ಅದು ವಾಸನೆ ಎಂದೇ ಅನಿಸುತ್ತಿರಲಿಲ್ಲ.

ಆಮೇಲೆ ಶುರುವಾದದ್ದು ನಮ್ಮ ಕಡೆಯ ಮದ್ದು. ಬಾವಿಗೆ ಸುಣ್ಣ ಹಾಕಿದರು. ನೆಲ್ಲಿಯ ಹಲಗೆ ತಳಕ್ಕೆ ಇಳಿಸಿದರು. ನೆಲ್ಲಿ ಇಟ್ಟರೆ ನೀರು ಸಿಹಿಯಾಗುತ್ತದೆ, ಇದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನೆಲ್ಲಿಯೇನು ಮಾಡೀತು ಪಾಪ. ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಾಣಿಸಿದಾಗ ಅಪ್ಪ ಒಂದು ಬಾಟಲಿಯಲ್ಲಿ ನೀರು ಹಿಡಿದು ಕಚೇರಿಯೊಂದಕ್ಕೆ ಒಯ್ದರು. ಕುಡಿಯಬೇಡಿ, ಕಾರವಾರದಿಂದ ಯಾರಾದರೂ ಬಂದು ನೋಡುತ್ತಾರೆ ಎಂದರಂತೆ. ಬೆಂಕಿಯ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕಪಕ್ಕದ ಸೈಟಿನವರಿಗೆ ಅಪ್ಪ ಹೇಳಿದರೆ ಅವರು ಮುಖ ಸಣ್ಣ ಮಾಡಿಕೊಂಡರು. ಸುದ್ದಿ ಹಬ್ಬಿದರೆ ಸೈಟಿಗೆ ಬೆಲೆ ಉಳಿಯುತ್ತದೆಯೇ, ಸುಮ್ಮನಿರಿ ಎಂದರು. ನನಗೆ ಆ ಮುಖಗಳ ಮೇಲೆ ಈಗಲೂ ಸಿಟ್ಟಿದೆ. ಸಿಟ್ಟು ನನಗೆ ಹುಟ್ಟುಗುಣ, ಅದಕ್ಕೆ ಯಾರೂ ಬೇಸರಿಸುವುದು ಬೇಡ.

ನಾವು ಕುಡಿಯಲು ರಸ್ತೆಯಾಚೆಯ ಮನೆಯಿಂದ ನೀರು ತರತೊಡಗಿದೆವು. ಆಯಿ ಮತ್ತೆ ಕೊಡಪಾನ ಹಿಡಿದು ಇನ್ನೊಬ್ಬರ ಬಾವಿಕಟ್ಟೆಯ ಬಳಿ ನಿಂತಳು. ಅಲ್ಲಿಯವರು ಒಳ್ಳೆಯ ಜನ, ಎಷ್ಟು ಹೊತ್ತಿಗಾದರೂ ಬನ್ನಿ ಎಂದಿದ್ದರು. ಆದರೂ ಆಯಿ ತಲೆ ತಗ್ಗಿಸಿಯೇ ಹೋಗಿ ಬರುತ್ತಿದ್ದಳು. ಅಪ್ಪನಿಗೆ ಅದನ್ನು ನೋಡಲು ಆಗಲಿಲ್ಲ. ಮಳೆ ಬೀಳುವ ಮೊದಲು ಬಾವಿ ಪೂರ್ತಿ ಖಾಲಿ ಮಾಡಿಸಿ, ಆ ಪೊರೆ ಯಾವ ಕಡೆಯಿಂದ ಒಸರುತ್ತದೆ ಎಂದು ನೋಡಿ, ಅಲ್ಲಿಗೆ ಸಿಮೆಂಟ್ ಬಳಿಸಿಬಿಡುವುದು ಎಂದು ಲೆಕ್ಕ ಹಾಕಿ, ಕಾಯ್ಕಿಣಿಯ ಮಾವನಿಗೆ ಹೇಳಿ ಕಳಿಸಿದರು.

ಮಾವ ಬೆಳಿಗ್ಗೆಯೇ ಬಂದರು. ಪಂಪಿಟ್ಟು ನೀರು ಎತ್ತಿಸಿದರು. ತಳ ಕಾಣುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಮಾವನಿಗೆ ಸಂಜೆಯೊಳಗೆ ಊರು ಸೇರುವ ಅವಸರ, ಹಗ್ಗ ಹಿಡಿದು ಇಳಿಯಲು ಕಾಲು ಚಾಚಿಯೇ ಬಿಟ್ಟರು. ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದರು. ನಮ್ಮ ಕಡೆ ಬಾವಿಗೆ ಮನುಷ್ಯ ಇಳಿಯುವ ಮೊದಲು ದೀಪ ಇಳಿಸುವುದು ಕ್ರಮ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ. ಉರಿದರೆ ಇಳಿಯಬಹುದು. ಅಪ್ಪ ಬಸ್ಸು ಬಿಡುವ ಮೊದಲು ಪ್ರತಿ ಚಕ್ರಕ್ಕೂ ಒಂದು ಒದೆ ಕೊಟ್ಟು ನೋಡುವ ಜಾತಿಯವರು. ಕ್ರಮ ತಪ್ಪಿಸುವುದು ಅವರಿಂದ ಆಗದು.

"ದೀಪ ಇಳಿಸದೇ ನೀ ಇಳಿಯೂದಿಲ್ಲ ಮಾರಾಯ. ನಿಂಗೆ ಎಂತಾದ್ರೂ ಆದ್ರೆ ನಿನ್ನ ಹೆಂಡ್ತಿಗೆ ನಾ ಎಂತ ಹೇಳೂದು?" ಎಂದರು.

ಮಾವ ನಗಾಡಿ, ಆತು ಆತು ಎಂದು ಪಂಪು ಬದಿಗಿಡಲು ಮನೆಯಾಚೆ ಹೋದರು. ಅಪ್ಪನೇ ಒಳಗೆ ಬಂದು ಚಿಮಣಿ ದೀಪ ಕೇಳಿದರು. ಹೊತ್ತಿಸಿ ಕೊಟ್ಟವಳು ಆಯಿ. ಅದನ್ನು ಬಕೆಟ್ಟಿನಲ್ಲಿಟ್ಟು, ಹಗ್ಗ ಬಿಡುತ್ತಾ, ದೀಪ ಆರುತ್ತದೋ ಎಂದು ಕಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದರಂತೆ. ನಾನು ಅಡುಗೆಮನೆಯಲ್ಲಿ ಇದ್ದೆ. ದೊಡ್ಡ ಬಾಗಿಲನ್ನು ಯಾರೋ ಜೋರಾಗಿ ಹಾಕಿಕೊಂಡ ಹಾಗೆ ಸದ್ದು ಬಂತು. ಓಡಿ ಬಂದಾಗ ಮಾವ ಗೋಣಿಚೀಲದಿಂದ ಅಪ್ಪನನ್ನು ಸುತ್ತಿ ನೆಲದ ಮೇಲೆ ಹಿಡಿದುಕೊಂಡಿದ್ದರು. ಅಪ್ಪನಿಗೆ ಎಚ್ಚರವಿತ್ತು. ಇಳಿದಿಲ್ಲ ಅಲ್ವಾ, ಇಳಿದಿಲ್ಲ ಅಲ್ವಾ ಎಂದು ಮಾವನನ್ನೇ ಕೇಳುತ್ತಿದ್ದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪ ಒಂದು ವಾರವೂ ಬಾಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಆಮೇಲೆ ಎಲ್ಲರೂ ಬಂದರು. ಕಾರವಾರದಿಂದ ಬರಬೇಕಾದವರೂ ಬಂದರು. ಅವರಲ್ಲಿ ಒಬ್ಬ ಚಿಕ್ಕ ಪ್ರಾಯದ ಇಂಜಿನಿಯರ್, ನಮ್ಮ ಮನೆಯ ಜಗುಲಿಯಲ್ಲಿ ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ಲಾರಿಯ ಭಾರಕ್ಕೆ ಟಾಂಕಿ ಒಡೆದು, ತಳದಲ್ಲಿ ಉಳಿದಿದ್ದ ಪೆಟ್ರೋಲು ಮಣ್ಣಿಗಿಳಿದಿದೆ. ನೀರು ಎತ್ತಿದ ಮೇಲೆ ಬಾವಿ ತುಂಬ ಅದರ ಆವಿ, ದೀಪ ತಾಗಿದ್ದೇ ಹೊತ್ತಿಕೊಂಡಿದೆ. ಇಂಥ ಜಾಗವನ್ನು ಸೈಟು ಮಾಡುವ ಮೊದಲೇ ಮಣ್ಣು, ನೀರು ಪರೀಕ್ಷೆ ಆಗಬೇಕಿತ್ತು, ಟಾಂಕಿ ತೆಗೆದು, ಅದರ ಸುತ್ತಿನ ಮಣ್ಣು ತೆಗೆದು, ಆಮೇಲೆ ಮನೆ. ಬಾವಿಯಂತೂ ಬೇಡವೇ ಬೇಡ, ನಳ್ಳಿ ನೀರು ತರಿಸಬೇಕಿತ್ತು. ಅಷ್ಟೇ ಕೆಲಸ. ಇನ್ನೂ ಒಂದು ಮಾತು ಹೇಳಿದರು. ದೀಪ ಇಳಿಸದೆ ಆ ಮನುಷ್ಯ ಇಳಿದಿದ್ದರೆ, ಆವಿಗೆ ತಲೆ ತಿರುಗಿ ಅಲ್ಲೇ ಮುಗಿಯುತ್ತಿದ್ದ. ನಿಮ್ಮ ಅಪ್ಪ ಒಂದು ಜೀವ ಉಳಿಸಿದ್ದಾರೆ ಎಂದರು. ಸಮಾಧಾನಕ್ಕೆಂದೇ ಹೇಳಿದರು, ಒಳ್ಳೆಯವರು. ಊರವರೂ ಅದನ್ನೇ ಹಿಡಿದುಕೊಂಡು ಆಡಿದರು. ಆಯಿ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಕಾಯ್ಕಿಣಿಯ ಮಾವ ಎಷ್ಟು ಸಲ ಬಂದರೂ ನಮ್ಮ ಜಗುಲಿಯಲ್ಲಿ ಕೂತು ಚಹಾ ಕುಡಿಯಲಿಲ್ಲ. ಅಂಗಳದಲ್ಲಿ ನಿಂತು, ಆರಾಮ ಇದ್ದೀರಾ ಎಂದು ಕೇಳಿ ಹೋಗುತ್ತಿದ್ದರು.

ಟಾಂಕಿ ತೆಗೆದರು. ಜೆಸಿಬಿ ಬಂದು ಕಪ್ಪಗಾದ ಮಣ್ಣನ್ನೆಲ್ಲ ಅಗೆದು ಟಿಪ್ಪರಿಗೆ ತುಂಬಿತು. ಅದನ್ನು ಹಾಳುಬಿದ್ದ ಕಲ್ಲುಕ್ವಾರಿಗೆ ಒಯ್ದು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ ಹರಡಿ, ಮಳೆ ಬೀಳದಂತೆ ಮಾಡು ಕಟ್ಟಿ, ಆಗಾಗ ಮಗುಚಿ ಗಾಳಿಗಾರಿಸುವುದು ಎಂದು ಇಂಜಿನಿಯರ್ ಹೇಳಿ ಹೋಗಿದ್ದರು. ಅವರು ಬೆನ್ನು ತಿರುಗಿಸಿದ್ದೇ ತಡ, ಭಟ್ಕಳದ ಕಡೆ ಗದ್ದೆ ತುಂಬಿಸಿ ಮನೆ ಕಟ್ಟುತ್ತಿದ್ದವರೊಬ್ಬರು ಟಿಪ್ಪರಿನವನ ಹತ್ತಿರ ಮಾತಾಡಿದರು. ಒಳ್ಳೇ ಮಣ್ಣು, ಕ್ವಾರಿಗೆ ಚೆಲ್ಲುವುದೇಕೆ? ನಮ್ಮ ಕರಾವಳಿಯಲ್ಲಿ ತಗ್ಗು ತುಂಬಿಸಲು ಮಣ್ಣು ಬೇಡ ಎನ್ನುವವರು ಯಾರೂ ಇಲ್ಲ. ಟಿಪ್ಪರ್ ದಕ್ಷಿಣಕ್ಕೆ ಮೂತಿ ತಿರುಗಿಸಿ ನಿಂತದ್ದು ನೋಡಿ ನಾನು ಜಗಳಕ್ಕೆಂದು ಹೊರಟೆ. ನನಗಿಂತ ಮೊದಲು ಆಯಿ ಹೋಗಿ ಅದರ ಮುಂದೆ ನಿಂತಿದ್ದಳು. ಗಂಡ ಸತ್ತ ಮೇಲೆ ಅಂಗಳ ದಾಟಿ ಹೊರಗೆ ಕಾಲಿಡದಿದ್ದವಳು, ಹೆದ್ದಾರಿಯ ಬದಿಯಲ್ಲಿ, ನಾಲ್ಕು ಮಂದಿಯ ಎದುರು.

"ಈ ಮಣ್ಣು ಯಾರ ಮನೆಗೂ ಹೋಗೂದು ಬೇಡ. ಅಲ್ಲೂ ಯಾರಾದ್ರೂ ಬಾವಿ ತೆಗಿತ್ರು" ಎಂದಳು.

ಡ್ರೈವರ್ ಅಪ್ಪನನ್ನು ಬಲ್ಲವನು. ಗಾಡಿ ತಿರುಗಿಸಿದ. ಉಳಿದ ಲೋಡುಗಳೂ ಕ್ವಾರಿಗೇ ಹೋದವು. ಆಯಿ ಪ್ರತಿಯೊಂದೂ ತಿರುವು ದಾಟುವ ತನಕ ಗೇಟಿನಲ್ಲಿ ನಿಂತು ನೋಡಿದಳು.

ಬಾವಿ ಮುಚ್ಚುವ ಕೆಲಸ ಕೊನೆಗೆ ಬಂತು. ಬಾವಿ ಮುಚ್ಚುವುದು ಪಾಪ ಎನ್ನುತ್ತಾರೆ. ಮುಚ್ಚಲೇಬೇಕಾದರೆ ಗಂಗೆ ಉಸಿರಾಡಲು ಒಂದು ಕೊಳವೆ ಬಿಡಬೇಕಂತೆ. ಪೂಜೆಗೆ ಬಂದ ಭಟ್ಟರು ಅದನ್ನು ಹೇಳಲು ಹಿಂಜರಿಯುತ್ತಿದ್ದರು. ಉಳಿದ ಆವಿ ಹೋಗಲು ತಮಗೂ ಒಂದು ಎತ್ತರದ ಪೈಪ್ ಬೇಕೇಬೇಕು ಎಂದು ಇಂಜಿನಿಯರೇ ಅಂದಾಗ ಭಟ್ಟರ ಮುಖ ಅರಳಿತು. ಅರಿಶಿನ ಕುಂಕುಮ ಹಾಕಿ, ಒಂದು ತೆಂಗಿನಕಾಯಿ ಬಿಟ್ಟು, ಆಮೇಲೆ ಹೊಸ ಮಣ್ಣು ಸುರಿಯತೊಡಗಿದರು. ಪಂಚಾಯತಿಯ ನಳ್ಳಿ ಆಗಲೇ ಅಂಗಳಕ್ಕೆ ಬಂದಿತ್ತು. ಅಡುಗೆಮನೆಯ ಬಾಗಿಲಲ್ಲೇ ನೀರು, ಯಾರ ಸರದಿಯನ್ನೂ ಕಾಯಬೇಕಾಗಿರಲಿಲ್ಲ.

ನಾನೂ ಆಯಿಯೂ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆವು. ಮಣ್ಣು ಕಟ್ಟೆಯ ಮಟ್ಟಕ್ಕೆ ಬಂತು.

"ನಾ ಕೇಳಿದ್ದು ನೀರು ಅಷ್ಟೇ ಅಲ್ದಾ?" ಎಂದಳು.

ಹೌದು ಆಯಿ, ಅಷ್ಟೇ, ನೀನು ಬೇರೇನೂ ಕೇಳಿಲ್ಲ ಎಂದು ನಾನು ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ಅಷ್ಟೂ ಕೇಳದೇ ಇದ್ದಿದ್ರೆ ಅವರು ಇರ್ತಿದ್ರು" ಎಂದಳು.