ದೇಜಪ್ಪನ ಕಣ್ಣು ತೋರಿಸಲು ಬಂಟ್ವಾಳಕ್ಕೆ

ಅರವತ್ತನಾಲ್ಕರ ಮಳೆಗಾಲದಲ್ಲಿ, ಒಂದು ಗುರುವಾರ, ತಮ್ಮ ದೇಜಪ್ಪನ ಕೈ ಹಿಡಿದು ಶಿರ್ತಾಡಿಯಲ್ಲಿ ಏಳು ಗಂಟೆಯ ಬಸ್ಸು ಹತ್ತಿದೆ. ಮೂಡುಬಿದಿರೆಗೆ ಸುಮಾರು ಐದು ಮೈಲು, ಅಲ್ಲಿ ಬಸ್ಸು ಬದಲಿಸಿ ಸಿದ್ದಕಟ್ಟೆಯ ಮೇಲೆ ಬಂಟ್ವಾಳಕ್ಕೆ ಇನ್ನೂ ಹದಿನೆಂಟು. ಮಂಗಳೂರಿನ ಕಣ್ಣಿನ ಡಾಕ್ಟರೊಬ್ಬರು ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದರು.

ನಾವಿಬ್ಬರೂ ಕೆಂಪುಕಲ್ಲು ಕಡಿಯುವವರು. ದೇಜಪ್ಪನ ಎಡಗಣ್ಣು ಸಣ್ಣವನಿದ್ದಾಗಲೇ ಸಿಡುಬಿಗೆ ಹೋಗಿತ್ತು. ಬಲಗಣ್ಣಿಗೆ ಕಲ್ಲಿನ ಚೂರು ಸಿಡಿದು, ಹುಣ್ಣಾಗಿ, ಪೂರಾ ಬಿಳಿಯಾಯಿತು. ಈ ಡಾಕ್ಟರೇ ಮದ್ರಾಸಿಗೆ ಕಾಗದ ಬರೆದುಕೊಟ್ಟರು. ಅಲ್ಲಿ ಸತ್ತವರೊಬ್ಬರ ಕಣ್ಣಿನ ಮುಂಭಾಗದ ಗಾಜಿನಂಥ ಪೊರೆ ತೆಗೆದು ಅವನ ಕಣ್ಣಿಗೆ ಹೊಲಿದರು. ಬೇಸಗೆಯಲ್ಲಿ ಅವನು ನನ್ನನ್ನು ನೋಡಿ, "ಎಂತ ಅಣ್ಣ, ಇಷ್ಟು ಮುದುಕನಾದೆಯಾ?" ಎಂದಿದ್ದ.

"ಪೊರೆ ಬೇರೆಯವರದ್ದು ಅಂತ ಗೊತ್ತಾದರೆ ಮೈ ಅದನ್ನು ಓಡಿಸಲಿಕ್ಕೆ ನೋಡ್ತದೆ. ಈ ಮಾತ್ರೆ ಮೈಯ ಆ ಜೋರನ್ನು ತಗ್ಗಿಸಿ ಇಡ್ತದೆ. ನಾನು ಹೇಳದೆ ನಿಲ್ಲಿಸಬೇಡಿ" ಎಂದಿದ್ದರು ಡಾಕ್ಟರು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರಾದರೂ ಒಂದು ಮಾತನ್ನು ಎರಡು ಸಲ ಹೇಳಿದರೆ ನನಗೆ ಆಗುತ್ತಿರಲಿಲ್ಲ. "ಎಲ್ಲ ಗೊತ್ತಾಯಿತು" ಎಂದು ಎದ್ದು ಬಂದಿದ್ದೆ.

ಆಟಿ ತಿಂಗಳ ಅಮಾವಾಸ್ಯೆ ಬಂತು. ಅಂದು ಪಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿಯುವುದು ನಮ್ಮ ಕ್ರಮ. ವರ್ಷಕ್ಕೆ ಬೇಕಾದ ಶಕ್ತಿ ಅದರಲ್ಲೇ ಉಂಟೆಂದು ನಂಬಿಕೆ. ಮಾತ್ರೆ ತಿಂದು ದೇಜಪ್ಪನ ಮುಖ ಊದಿತ್ತು, ತೋಳು ಸೋತಿತ್ತು. ದುಡಿಯುವ ಮೈಯನ್ನು ಸೋಲಿಸುವುದು ಎಂಥ ಮದ್ದು ಎನಿಸಿತು ನನಗೆ. ಪಾಲೆಯೊಂದಿಗೆ ಬೇರೆ ಮದ್ದು ಸೇರಬಾರದೆಂದು ಹೇಳಿ ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದೆ.

"ಡಾಕ್ಟ್ರಲ್ಲಿ ಒಂದು ಮಾತು ಕೇಳುವ" ಎಂದ ದೇಜಪ್ಪ.

"ಯಾಕೆ, ನಾನಿಲ್ವಾ?" ಎಂದೆ.

ಹತ್ತನೆಯ ದಿನ ಕಣ್ಣು ಕೆಂಪಾಗಿ ಮಂಜು ಕವಿಯಿತು.

ಆ ಗುರುವಾರ ಮಳೆಗೆ ಬಸ್ಸಿನ ಕಿಟಕಿಗಳ ತಾಡಪಾಲು ಇಳಿಬಿಟ್ಟಿದ್ದರು. ಮೂಡುಬಿದಿರೆಯಿಂದ ಮುಂದಕ್ಕೆ ನಮ್ಮ ಪರಿಚಯದ ಇದ್ದಿನಬ್ಬ ಎಂಬವನು ಕಂಡಕ್ಟರ್. ಟಿಕೇಟು ಹರಿಯುತ್ತ, "ಎಂತ ದೇಜಪ್ಪಣ್ಣ, ಹೋದ ತಿಂಗಳು ನನ್ನ ಬಿಳಿ ಕೂದಲು ಎಣಿಸಿದವ, ಇವತ್ತು ಗುರುತೇ ಇಲ್ವಾ ಮಾರಾಯ?" ಎಂದ.

"ಕೂದಲು ಇನ್ನೂ ಉಂಟಾ? ಉದುರಿತು ಅಂತ ಮಾಡಿದ್ದೆ" ಎಂದ ದೇಜಪ್ಪ. ಬಸ್ಸಿನವರೆಲ್ಲ ನಕ್ಕರು. ಸಿದ್ದಕಟ್ಟೆಯಲ್ಲಿ ಬಸ್ಸು ನಿಂತಾಗ ಹೋಟೆಲಿನಲ್ಲಿ ಕೂತು ಚಹಾ, ಗೋಳಿಬಜೆ ತರಿಸಿದೆ. ಅವನ ಬೆರಳು ಮೇಜಿನ ಮೇಲೆ ಗ್ಲಾಸು ಹುಡುಕುತ್ತಿತ್ತು. ನಾನು ಗ್ಲಾಸನ್ನು ಅವನ ಕೈಗೆ ಸರಿಸಿದೆ.

ಬಂಟ್ವಾಳದಲ್ಲಿ ಡಾಕ್ಟರ ಬಾಗಿಲಲ್ಲೇ ಬೆಂಚು. ಅಲ್ಲಿ ಕಾಯುತ್ತಿದ್ದವರಲ್ಲಿ ಶಿರ್ತಾಡಿಯವರೇ ಇಬ್ಬರಿದ್ದರು. ನಮ್ಮ ಸರದಿ ಬಂದಾಗ ಡಾಕ್ಟರು ಟಾರ್ಚು ಹಿಡಿದು ನೋಡಿ, ಟಾರ್ಚು ಕೆಳಗಿಟ್ಟರು.

"ಮಾತ್ರೆ ನಿಲ್ಲಿಸಿದ್ದು ಯಾರು?"

ಬೆಂಚಿನ ಮಾತು ಥಟ್ಟನೆ ನಿಂತಿತು. ನಾನು ಶಿರ್ತಾಡಿಯವರ ಕಡೆ ನೋಡಿದೆ.

"ನಾನೇ ಡಾಕ್ಟ್ರೇ" ಎಂದ ದೇಜಪ್ಪ. "ಅಣ್ಣ ನಿಲ್ಲಿಸಬೇಡ ಅಂತಲೇ ಹೇಳಿದ."

"ಈ ಪೊರೆ ಇನ್ನು ಉಳಿಯುವುದಿಲ್ಲ. ಇನ್ನೊಂದು ಹಾಕಬಹುದಿತ್ತು. ಆದರೆ ಮದ್ದನ್ನು ತಾನೇ ನಿಲ್ಲಿಸುವವನಿಗೆ ಮದ್ರಾಸಿನವರು ಕೊಡುವುದಿಲ್ಲ. ಎಷ್ಟು ಜನ ಕಾಯ್ತಾ ಇದ್ದಾರೆ! ಇವನಿಗೆ ಕೊಡಿ ಅಂತ ನಾನು ಹೇಗೆ ಬರೆಯಲಿ?"

ಅಣ್ಣನ ತಪ್ಪು ಎಂದು ಒಂದು ಮಾತು ಬಿದ್ದಿದ್ದರೆ ಅವರು ಬರೆಯುತ್ತಿದ್ದರೋ ಏನೋ. ನಾನು ಕೊಡೆ ಎತ್ತಿಕೊಂಡು, ದೇಜಪ್ಪನ ಕೈ ಹಿಡಿದು ಹೊರಗೆ ಬಂದೆ.

ಎದುರಿಗೇ ಮೂಡುಬಿದಿರೆಯ ಬಸ್ಸು ನಿಂತಿತ್ತು. ಹತ್ತಿ ಕೂತ ಮೇಲೆ, "ಹೋಗಿ ಹೇಳಿ ಬರ್ತೇನೆ" ಎಂದೆ.

"ಊರಿನವರು ಇದ್ದಾರಲ್ಲ" ಎಂದ ದೇಜಪ್ಪ. ನನ್ನನ್ನು ಹಿಡಿಯಲಿಲ್ಲ, ಹೋಗೆಂದೂ ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಾಡಪಾಲು ಸರಿಸಿ ಹಿಂದಕ್ಕೆ ನೋಡಿದೆ. ಬೆಂಚು ಖಾಲಿಯಾಗಿತ್ತು, ಶಿರ್ತಾಡಿಯವರೂ ಪೇಟೆಯ ಕಡೆಗೆ ಹೋಗಿಯಾಗಿತ್ತು. ತೆರೆದ ಬಾಗಿಲೊಳಗೆ ಡಾಕ್ಟರು ಒಬ್ಬರೇ ಕೂತು ಏನೋ ಬರೆಯುತ್ತಿದ್ದರು. ಡ್ರೈವರು ಚಹಾ ಮುಗಿಸಿ ಬರುವವರೆಗೂ ನಾನು ಕೂತಲ್ಲಿಂದ ಏಳಲಿಲ್ಲ.