ಜ್ವರದ ನಿಮಿತ್ತ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಕಿಟಕಿ ತೆಗೆದರೆ ರೇಷ್ಮೆಗೂಡು ಬೇಯುವ ವಾಸನೆ ಹೇಳದೆ ಕೇಳದೆ ಒಳಗೆ ಬರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಬೆರಳಿನ ಗಿಣ್ಣುಗಳು ಕೊಂಚ ಸಡಿಲವಾದಂತೆ ಅನ್ನಿಸುತ್ತದೆ. ನಗಬೇಡಿ, ಯಾಕೆಂದು ಹೇಳುತ್ತೇನೆ. ನನ್ನ ಮಾತೂ ನನ್ನ ಟೈಪಿಂಗಿನಷ್ಟೇ ನಿಧಾನ.

ಈಗ ಮಿಷನ್ನಿಗೆ ಸಿಕ್ಕಿಸಿರುವುದು ರಜಾ ಅರ್ಜಿ. ಹನೂರಿನ ಕಚೇರಿಯಲ್ಲಿ ನಾಲ್ಕು ವರ್ಷದಿಂದ ಗುಮಾಸ್ತ. ಇನ್ನೂ ಕಾಯಂ ಆಗಿಲ್ಲ. ಮೂರು ದಿನದಿಂದ ಹೋಗಿಲ್ಲ, ಇವತ್ತು ಅರ್ಜಿ ಹಿಡಿದು ಹೋಗಲೇಬೇಕು. ಇಷ್ಟು ವರ್ಷವೂ "ಜ್ವರದ ನಿಮಿತ್ತ" ಎಂದೇ ಬರೆದಿದ್ದೇನೆ. ಹೋದ ತಿಂಗಳು ಸಾಹೇಬರು, "ಏನ್ರೀ, ತಾಲ್ಲೂಕಿನ ಜ್ವರ ಎಲ್ಲಾ ನಿಮಗೇ ಬರ್ತದಾ?" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ನನಗೆ ಬರುವುದು ಜ್ವರವಲ್ಲ, ನೋವು. ಯಳಂದೂರಿನ ಮೇಲಿನ ಬೆಟ್ಟದಲ್ಲಿ, ನಮ್ಮ ಸೋಲಿಗರ ಹಾಡಿಯಲ್ಲಿ ಚಳಿ ಬಿತ್ತೆಂದರೆ ಮೂಳೆಯೊಳಗೆ ಯಾರೋ ಕೂತು ರಾಗಿ ಕುಟ್ಟಿದ ಹಾಗಾಗುತ್ತಿತ್ತು. ಕಣ್ಣು ಹಳದಿ. ಕಾಮಾಲೆ ಎಂದು ಅವ್ವ ಬೇರು ಅರೆದು ಕುಡಿಸಿ ಉಪ್ಪು ಬಿಡಿಸುತ್ತಿದ್ದಳು. ಅಣ್ಣನಿಗೂ ಹೀಗೇ ಆಗುತ್ತಿತ್ತು, ಹದಿನೇಳಕ್ಕೆ ಹೋಗಿಬಿಟ್ಟ. ನಾನು ಹತ್ತು ವರ್ಷಕ್ಕೆ ಒಂದನೇ ಕ್ಲಾಸು ಸೇರಿದೆ, ಸಾಲಿನಲ್ಲಿ ಎಲ್ಲರಿಗಿಂತ ಉದ್ದ. ಹದಿನೇಳು ದಾಟಿದ ಮೇಲೆ ಪ್ರತಿ ಚಳಿಗಾಲವನ್ನೂ ಅಣ್ಣನ ಪಾಲಿನಿಂದ ಕದ್ದು ಬದುಕುತ್ತಿದ್ದೇನೆ ಅನ್ನಿಸುತ್ತಿತ್ತು.

ಇಪ್ಪತ್ತೊಂದಕ್ಕೆ ಟೈಪಿಂಗ್ ಕಲಿಯಲು ಕೊಳ್ಳೇಗಾಲಕ್ಕೆ ಬಂದೆ. ಗೂಡು ಬೇಯಿಸಿ ನೂಲು ತೆಗೆಯುವ ಪುಟ್ಟತಾಯಮ್ಮನ ಮನೆಯ ಹಿಂದೆ ಒಂದು ಕೋಣೆ. ನೋವಿನ ವಿಷಯ ಬಾಯಿ ಬಿಡಲಿಲ್ಲ. ರೋಗದವನು ಎಂದರೆ ಕೋಣೆಯೂ ಹೋಗುತ್ತದೆ, ಕೆಲಸವೂ ಸಿಗುವುದಿಲ್ಲ ಎಂಬ ಭಯ.

ಪರೀಕ್ಷೆಗೆ ನಾಲ್ಕು ದಿನವಿತ್ತು. ಪುಷ್ಯಮಾಸದ ಚಳಿ. ಆಕೆಯ ಮಗ ನಂಜುಂಡ ಕಾವೇರಿಗೆ ಈಜಲು ಎಳೆದುಕೊಂಡು ಹೋದ. ನಾನು ದಡದಲ್ಲೇ ನಿಂತೆ.

"ಆನೆಗೇ ಎದರಲ್ಲ ಅಂತೀಯ, ಒಳೆ ನೀರ್ಗೆ ಎದರ್ಕತೀಯೇನ್ಲಾ?"

ಧುಮುಕಿದೆ. ಮಾನ ಉಳಿಯಿತು, ಕೈ ಉಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಎರಡೂ ಕೈ ಊದಿಕೊಂಡಿದ್ದವು.

"ಯಾಕ್ ಮಗಾ, ಕೈ ಇಂಗೆ?" ಎಂದಳು ಪುಟ್ಟತಾಯಮ್ಮ.

"ಬಾಗ್ಲಿಗೆ ಸಿಕ್ಕಾಕ್ಕಂತು ಕಣವ್ವ."

"ಎರಡು ಕೈಯೂವಾ? ಬೋ ಬುದ್ದವಂತ ಬಾಗ್ಲು ಕಣಪ್ಪ ಅದು!"

ಒಲೆಯ ಪಕ್ಕ ಕೂರಿಸಿ, ಬೋಗುಣಿಯಲ್ಲಿ ಬೆಚ್ಚನೆಯ ನೀರು ಹದ ಮಾಡಿ ನನ್ನ ಕೈ ಅದ್ದಿದಳು. ದಿನವಿಡೀ ಬಿಸಿನೀರಿನಲ್ಲಿ ಎಳೆ ಹುಡುಕುವ ಆಕೆಯ ಬೆರಳುಗಳಿಗೆ ನೀರಿನ ಹದ ಚೆನ್ನಾಗಿ ಗೊತ್ತಿತ್ತು. ಚೊಂಬುಗಟ್ಟಲೆ ನೀರು ಕುಡಿಸಿದಳು. ನಾನು ಅತ್ತುಬಿಟ್ಟೆ. ಅಣ್ಣನ ಸುದ್ದಿಯೂ ಹೊರಗೆ ಬಂತು.

ಪರೀಕ್ಷೆಯ ದಿನ ಬಿಸಿನೀರಿನ ಚೊಂಬನ್ನು ಸೆರಗಿನಲ್ಲಿ ಸುತ್ತಿಕೊಂಡು ಜೊತೆಗೇ ಬಂದಳು. ನಾನು ತಡೆಯುವ ಮೊದಲೇ ಬಾಗಿಲಲ್ಲಿ ಟೈಪಿಂಗ್ ಮೇಷ್ಟ್ರಿಗೆ, "ಸಾ, ಈ ಮಗೀಗೆ ಚಳಿ ಬಿದ್ರೆ ಕೈ ಊದ್ಕತದೆ. ಬಾಯ್ಬುಟ್ಟು ಏಳಾಕೆ ಇವ್ನಿಗೆ ನಾಚ್ಕೆ" ಎಂದುಬಿಟ್ಟಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಷ್ಟ್ರು ಕನ್ನಡಕ ಏರಿಸಿ, "ಮೊದ್ಲೇ ಹೇಳಬಾರದಿತ್ತೇನಯ್ಯಾ? ಬಿಸಿಲು ಬೀಳೋ ಕಿಟಕಿ ಹತ್ರದ ಮಿಷನ್ನೇ ಕೊಡ್ತಿದ್ದೆ" ಎಂದರು. ಅಷ್ಟೇ!

ಆ ಸಲ ಫೇಲಾದೆ. ಮುಂದಿನ ಸಲ, ಕಿಟಕಿಯ ಪಕ್ಕ ಕೂತು, ಪಾಸಾದೆ. ಆದರೂ ಪುಟ್ಟತಾಯಮ್ಮನ ಮೇಲೆ ಬಹಳ ದಿನ ಸಿಟ್ಟಿತ್ತು. ಈಗ ಆಕೆ ಇಲ್ಲ. ಒಲೆ ನಂಜುಂಡನ ಹೆಂಡತಿಯ ಕೈಯಲ್ಲಿದೆ.

ಎರಡು ವರ್ಷದ ಹಿಂದೆ ಮೈಸೂರಿನ ಡಾಕ್ಟರೊಬ್ಬರು ರಕ್ತ ನೋಡಿ ಹೆಸರು ಹೇಳಿದರು: ಸಿಕಲ್ ಸೆಲ್. ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದಂತೆ. ಹುಟ್ಟಿನಿಂದ ಬಂದದ್ದು, ಹೋಗುವುದಿಲ್ಲ. "ಬೆಚ್ಚಗಿರಿ, ನೀರು ಕುಡೀರಿ, ಮುಚ್ಚಿಡಬೇಡಿ" ಎಂದರು. ಪುಟ್ಟತಾಯಮ್ಮ ಇದನ್ನೆಲ್ಲ ಆಗಲೇ ಮಾಡಿ ತೋರಿಸಿದ್ದಳು.

ಹತ್ತು ಗಂಟೆಗೆ ಹನೂರಿನ ಬಸ್ಸು. "ಜ್ವರದ ನಿಮಿತ್ತ" ಎಂದು ಆಗಲೇ ಹೊಡೆದಿದ್ದ ಹಾಳೆಯನ್ನು ಎಳೆದು ತೆಗೆದೆ. ಹೊಸ ಹಾಳೆಯಲ್ಲಿ ಕಾಯಿಲೆಯ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಹೊಡೆದೆ. ಸಾಹೇಬರು ಏನನ್ನುತ್ತಾರೋ, ಕೆಲಸ ಉಳಿಯುತ್ತದೋ ಇಲ್ಲವೋ. ಆದರೂ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಬಿಸಿಲು ಬೀಳುವ ಕಿಟಕಿಯ ಪಕ್ಕದ ಮೇಜನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.