ಎಲೆ ಚೀಲದ ಅಡಿಯ ಕವರ್

ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲ ಜನ ನಾನು. ಅದರ ಮೇಲೆ ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಕೇಳದವರಿಗೂ ಕರೆದು ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಶಕ್ತಿನಗರದ ಎರಡು ಕೋಣೆಯ ಮನೆಯಲ್ಲಿ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ಅಪ್ಪ ತೀರಿಹೋಗಿ ಬಹಳ ವರ್ಷ ಆಗಿತ್ತು, ಮನೆಯಲ್ಲಿ ನಾವಿಬ್ಬರೇ.

ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆದ ವರ್ಷ, ಪ್ರತಿ ಪಾಠವನ್ನೂ ಮೊದಲು ಅಮ್ಮನ ಎದುರು ಮಾಡಿ ನೋಡುತ್ತಿದ್ದೆ. ಅವಳು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಎಲೆ ಸುರುಳಿ ಸುತ್ತುತ್ತಿದ್ದಳು, ನಾನು ಎದುರು ನಿಂತು ತುಳುವಿನಲ್ಲಿ ಕ್ವಾಂಟಮ್ ಹೇಳುತ್ತಿದ್ದೆ. ಬೀಡಿ ಕಟ್ಟುವವಳಿಗೆ ಅರ್ಥ ಮಾಡಿಸಿದರೆ ಯಾರಿಗೂ ಅರ್ಥ ಮಾಡಿಸಬಹುದು ಎಂಬ ಜಂಬ ನನಗೆ.

"ನೀನು ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಚೆಕ್ಕರ್ ಎಂತ ಮಾಡ್ತಾನೆ? ನಿನ್ನ ರಾಶಿಯಿಂದ ಎರಡು ಕಟ್ಟು ಎತ್ತಿ ಬಿಚ್ಚಿ ನೋಡ್ತಾನೆ."

"ನೋಡಿ ಮುಖಕ್ಕೆ ಬಿಸಾಡ್ತಾನೆ," ಅಂದಳು ಅಮ್ಮ.

"ಹಾಂ. ಆ ಬೀಡಿ ಸಡಿಲ ಇದ್ದರೆ ಅವನು ನೋಡುವ ಮೊದಲೇ ಸಡಿಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಎಲೆಕ್ಟ್ರಾನ್ ಹಾಗಲ್ಲ. ನೋಡುವ ತನಕ ಅದು ಇಲ್ಲಿ ಉಂಟು ಅಂತಲೂ ಇಲ್ಲ, ಅಲ್ಲಿ ಉಂಟು ಅಂತಲೂ ಇಲ್ಲ. ಬರೀ ಸಂಭವನೀಯತೆ. ನೋಡಿದಾಗಲೇ ತೀರ್ಮಾನ."

"ಹಾಗಾದ್ರೆ ನೋಡದಿದ್ರೆ ಆಯ್ತಲ್ವ ಮಗಾ."

ಇಬ್ಬರೂ ನಕ್ಕೆವು. "ನಾಳೆ ನೀನೇ ಹೋಗಿ ಪಾಠ ಮಾಡು," ಅಂದೆ.

ಇನ್ನೊಂದು ದಿನ ವಿಶ್ವದ ಪಾಠ. ನೂರು ಕಟ್ಟು ಕೊಟ್ಟರೆ ಎಷ್ಟು ಕೆಟ್ಟದ್ದು ಇರಬಹುದು ಅಂತ ಅಂದಾಜು ಹಾಕಬಹುದು. ಆದರೆ ನಮ್ಮ ಕೈಯಲ್ಲಿರುವ ವಿಶ್ವ ಒಂದೇ. ಒಂದೇ ಕಟ್ಟು ಇಟ್ಟುಕೊಂಡು, ಇಂಥ ಕಟ್ಟು ಬರುವ ಸಾಧ್ಯತೆ ಎಷ್ಟು ಅಂತ ಕೇಳಿದರೆ ಉತ್ತರ ಏನು?

"ಹಾಗೆ ಕೇಳುವವನಿಗೆ ಮರ್ಲ್," ಅಂದಳು ಅಮ್ಮ. ತುಳುವಿನಲ್ಲಿ ಹುಚ್ಚು ಅಂತ ಅರ್ಥ. ದೊಡ್ಡ ದೊಡ್ಡ ವಿಜ್ಞಾನಿಗಳು ಇದೇ ಜಗಳ ಮಾಡ್ತಾರೆ ಮಾರಾಯ್ತಿ ಅಂತ ನಾನು ಚಪ್ಪಾಳೆ ತಟ್ಟಿದೆ.

ಆ ವರ್ಷದ ಕೊನೆಗೆ ಅಮ್ಮನ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆಗೆ ತುಣುಕು ತೆಗೆದರು. ರಿಪೋರ್ಟ್ ತರುವ ದಿನ ನನಗೆ ಕ್ಲಾಸಿತ್ತು. "ನಾನೇ ಬಸ್ಸಲ್ಲಿ ಹೋಗಿ ತರ್ತೇನೆ" ಅಂದಳು. ಸಂಜೆ ಕೇಳಿದೆ, ಎಂತ ಬಂತು ಅಂತ. "ಎಂತ ಇಲ್ಲಂತೆ." ನಾನು ಕಾಯಂ ಹುದ್ದೆಯ ಸಂದರ್ಶನಕ್ಕೆ ಓದುತ್ತಿದ್ದೆ. ಆ ಉತ್ತರ ನನಗೆ ಬೇಕಾದ ಹಾಗೆಯೇ ಇತ್ತು. ಕಾಗದ ತೋರಿಸು ಅಂತ ಕೇಳಲಿಲ್ಲ.

ಐದು ತಿಂಗಳ ಮೇಲೆ, ಕೆಲಸ ಕಾಯಂ ಆದ ಖುಷಿಯಲ್ಲಿ, ಮನೆ ಗುಡಿಸಲು ಹೊರಟೆ. ಬೀಡಿ ಎಲೆಯ ಚೀಲ ಎತ್ತಿದಾಗ ಅಡಿಯಲ್ಲಿ ಆಸ್ಪತ್ರೆಯ ಕವರ್. ಅಂಟು ಬಿಚ್ಚಿರಲಿಲ್ಲ.

"ಇದೆಂತದು?"

ಅಮ್ಮ ತಡ್ಪೆ ಬದಿಗಿಟ್ಟು ಎದ್ದಳು. "ಒಡೀಬೇಡ."

"ಯಾಕೆ?"

"ಒಡೆದ್ರೆ ತೀರ್ಮಾನ ಆಗ್ತದೆ. ನೀನೇ ಹೇಳಿದ್ದಲ್ವ?"

ನನಗೆ ನಗು ಬಂತು. ಹೌದು, ನಕ್ಕೆ. ಆಮೇಲೆ ಕಿರುಚಿದೆ. "ಅದು ಎಲೆಕ್ಟ್ರಾನಿಗೆ! ನೀನು ಎಲೆಕ್ಟ್ರಾನಾ? ನೀನು ಬೀಡಿಯ ಕಟ್ಟು. ಒಳಗೆ ಇದ್ದದ್ದು ಮೊದಲೇ ಉಂಟು! ಅರ್ಧ ಪಾಠ ಕೇಳಿ ಸಾಯ್ಲಿಕ್ಕೆ ಹೊರಟಿದ್ದೀಯಲ್ಲ, ಬುದ್ಧಿ ಉಂಟಾ ನಿನಗೆ?"

ಅವಳ ಎದುರೇ ಕವರ್ ಹರಿದೆ. ಇಂಗ್ಲಿಷಿನಲ್ಲಿತ್ತು. ಬೇಕಿದ್ದರೆ ಒಂದೆರಡು ಶಬ್ದ ನುಂಗಬಹುದಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ನುಂಗಲಿಲ್ಲ. ಕ್ಲಾಸಿನಲ್ಲಿ ಹೇಳುವ ಹಾಗೆ ಪ್ರತಿ ಸಾಲನ್ನೂ ಓದಿ, ತುಳುವಿಗೆ ತಿರುಗಿಸಿ, ಕ್ಯಾನ್ಸರ್ ಎಂಬ ಶಬ್ದವನ್ನು ಎರಡು ಸಲ ಹೇಳಿದೆ. ಅವಳು ತಪ್ಪು ಅಂತ ಅವಳಿಗೆ ತಿಳಿಯಬೇಕಿತ್ತು. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅಷ್ಟೇ.

ಅಮ್ಮ ಪೂರ್ತಿ ಕೇಳಿ ಮತ್ತೆ ಕುಳಿತಳು. "ಈ ಐದು ತಿಂಗಳು ಒಂದು ಕಟ್ಟೂ ವಾಪಸ್ ಬರಲಿಲ್ಲ ಮಗಾ," ಅಂದಳು. "ಕೈ ಅಷ್ಟು ಒಳ್ಳೆದಿತ್ತು."

ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ರಿಪೋರ್ಟಿನ ತಾರೀಕು ನೋಡಿ, "ಆಗಲೇ ಬಂದಿದ್ರೆ..." ಅಂದು ನಿಲ್ಲಿಸಿದರು. ಸ್ಕ್ಯಾನ್ ಮಾಡಿಸಿ, ಈಗ ಬೇರೆ ಕಡೆಗೂ ಹಬ್ಬಿದೆ ಅಂದರು. ಅಮ್ಮ ಕೇಳಿದಳು, "ಉಳೀಲಿಕ್ಕೆ ಎಷ್ಟು ಚಾನ್ಸ್ ಉಂಟು?" ಡಾಕ್ಟರ್ ನನ್ನ ಕಡೆ ತಿರುಗಿದರು. "ನೀವು ಲೆಕ್ಚರರ್ ಅಲ್ವಾ, ನೀವೇ ವಿವರಿಸಿ."

ನಾನು ಗಂಟಲು ಸರಿಮಾಡಿ ಶುರು ಮಾಡಿದೆ. "ನೋಡಮ್ಮ, ಇದೇ ಹಂತದ ನೂರು ಜನರನ್ನು ತೆಗೊಂಡ್ರೆ..."

"ನೂರು ಎಲ್ಲಿ ಉಂಟು? ನಾನು ಒಂದೇ ಕಟ್ಟು," ಅಂದಳು. "ಅದನ್ನೂ ನೀನೇ ಹೇಳಿದ್ದು."

ಈ ಸಲ ಅವಳು ಪಾಠ ಸರಿಯಾಗಿಯೇ ಕಲಿತಿದ್ದಳು. ಮನೆಗೆ ಬರುವ ಬಸ್ಸು ಬಿಕರ್ನಕಟ್ಟೆಯಲ್ಲಿ ನಿಂತಿತು. ಅಲ್ಲಿ ಅವಳು ಕೇಳಿದ್ದು, ನಾಳೆ ಕ್ಲಾಸ್ ಉಂಟಾ ಅಂತ. ಉಂಟು ಅಂದೆ. "ಹಾಗಾದ್ರೆ ಇವತ್ತು ನನ್ನೆದುರು ಮಾಡ್ಬೇಡ," ಅಂದಳು.

ಆಮೇಲೆ ಒಂದು ದಿನವೂ ನನ್ನ ಪಾಠ ಕೇಳಲಿಲ್ಲ. ಮುಂದಿನ ಮಳೆಗಾಲ ಶುರುವಾಗುವ ಮೊದಲು ಹೋದಳು.

ಆ ಪಾಠ ನಾನು ಬಿಟ್ಟಿಲ್ಲ. ಪ್ರತಿ ವರ್ಷ ಚೆಕ್ಕರನ ಉದಾಹರಣೆಯನ್ನೇ ಕೊಡುತ್ತೇನೆ, ಆಂತರಿಕ ಪರೀಕ್ಷೆಯಲ್ಲಿ ಕೇಳುತ್ತೇನೆ: ಮುಚ್ಚಿದ ಬೀಡಿ ಕಟ್ಟಿಗೂ ಎಲೆಕ್ಟ್ರಾನಿಗೂ ಇರುವ ವ್ಯತ್ಯಾಸ ಬರೆಯಿರಿ. ಕಳೆದ ವರ್ಷ ಒಬ್ಬಳು ಹುಡುಗಿ, ಎರಡೂ ನೋಡಿದ ಮೇಲೆಯೇ ತೀರ್ಮಾನವಾಗುತ್ತವೆ ಎಂದು ಬರೆದಿದ್ದಳು. ಚಂದದ ಅಕ್ಷರ. ಅವಳ ಮನೆಯಲ್ಲೂ ಬೀಡಿ ಕಟ್ಟುತ್ತಾರೆ, ಅವಳೂ ಮನೆಯ ಮೊದಲ ಡಿಗ್ರಿ.

"ಮಿಸ್, ಅರ್ಧ ಮಾರ್ಕಾದ್ರೂ ಕೊಡಿ. ಪಾಸಾಗ್ಲಿಕ್ಕೆ ಅಷ್ಟೇ ಬೇಕು," ಅಂದಳು.

ಸೊನ್ನೆ ಕೊಟ್ಟೆ.